ಹಿತ್ತಲ ಕೋಳಿಗೆ ಗೂಡು ಮತ್ತು ಅಂಗಳ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಯಾವಾಗಲೂ ಇರುತ್ತವೆ. ತಂಗಿಯನ್ನು ಚಳ್ಳಕೆರೆಗೆ ಕೊಟ್ಟಿದೆ. ಅವಳ ಮನೆಯ ಕೋಳಿಗೂಡನ್ನೂ ನಾನೇ ನಿಂತು ಕಟ್ಟಿಸಿದ್ದು. ಹೀಗಾಗಿ ಮಳೆಯ ಪಾಡೂ ಗೊತ್ತು, ಬಿಸಿಲಿನ ಪಾಡೂ ಗೊತ್ತು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಐದರಿಂದ ಇಪ್ಪತ್ತು ಕೋಳಿ ಸಾಕುವವರಿಗೆ ಇದು ಸಾಕು.

ಗೂಡು ಅಂದರೆ ರಾತ್ರಿ ಮಲಗುವ ಮನೆ. ಅಂಗಳ ಅಂದರೆ ಹಗಲು ಓಡಾಡಲು ಬೇಲಿ ಹಾಕಿದ ಜಾಗ. ಇವೆರಡೂ ಬೇರೆ ಬೇರೆ ಅನ್ನೋದನ್ನು ಮರೆತಲ್ಲೇ ಅರ್ಧಕ್ಕರ್ಧ ತೊಂದರೆ ಶುರುವಾಗುತ್ತದೆ.

## ಶುರು ಮಾಡುವ ಮುಂಚೆ

ಅಕ್ಕಾ, ಆರು ಕೋಳಿ ಇಡೋಕೆ ಎಷ್ಟು ಜಾಗ ಬೇಕು?

ಗೂಡಿನಲ್ಲಿ ಒಂದು ಕೋಳಿಗೆ 4 ಚದರ ಅಡಿ, ಅಂಗಳದಲ್ಲಿ 10 ಚದರ ಅಡಿ ಅಂತ ಇಟ್ಟುಕೊಳ್ಳಿ. ಆರು ಕೋಳಿಗೆ 4 ಅಡಿ ಅಗಲ, 6 ಅಡಿ ಉದ್ದದ ಗೂಡು. ಅದಕ್ಕೆ ಅಂಟಿಕೊಂಡಂತೆ 6 ಅಡಿಗೆ 10 ಅಡಿ ಅಂಗಳ.

ಬೆಳಗ್ಗೆಯಿಂದ ಸಂಜೆವರೆಗೆ ತೋಟದಲ್ಲೇ ಮೇಯ್ದು, ರಾತ್ರಿ ಮಲಗೋಕೆ ಮಾತ್ರ ಒಳಗೆ ಬರುವ ಕೋಳಿಗೆ ಗೂಡಿನಲ್ಲಿ 2 ಚದರ ಅಡಿಯೂ ನಡೆಯುತ್ತದೆ. ಆದರೆ ನಮ್ಮ ಕಡೆ ಆಷಾಢದಲ್ಲಿ ನಾಲ್ಕೈದು ದಿನ ಹೊರಗೆ ಬಿಡೋಕೇ ಆಗದ ಮಳೆ ಹೊಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಅಂಥ ದಿನ ಕೋಳಿ ಹಗಲೂ ಗೂಡಿನಲ್ಲೇ ಇರಬೇಕು. ಆಗ 2 ಅಡಿ ಲೆಕ್ಕ ಕೈಕೊಡುತ್ತದೆ. ನಿಮ್ಮೂರಿನ ಅತಿ ಕೆಟ್ಟ ವಾರ ಯಾವುದೋ ಅದನ್ನು ಮನಸ್ಸಲ್ಲಿಟ್ಟುಕೊಂಡು ಅಳತೆ ಹಾಕಿ.

ನಮ್ಮಜ್ಜಿ ಮಂಕರಿ ಕವುಚಿ ಮೇಲೊಂದು ಕಲ್ಲು ಇಡ್ತಿದ್ರು, ಅಷ್ಟೇ. ಈಗ್ಯಾಕೆ ಇಷ್ಟೆಲ್ಲ ಲೆಕ್ಕ?

ಅಜ್ಜಿ ಮಾಡಿದ್ದು ಸರಿಯೇ. ಮಂಕರಿ ಅವರ ಕೋಳಿಗೆ ರಾತ್ರಿಯ ಹಾಸಿಗೆ ಮಾತ್ರ. ಹಗಲಿಗೆ ಅದಕ್ಕೆ ಇಡೀ ಊರೇ ಅಂಗಳ. ಕಣ, ತಿಪ್ಪೆ, ಬಿದಿರು ಮೆಳೆ, ಪಕ್ಕದ ಮನೆ ಹಿತ್ತಲು, ಎಲ್ಲ ಅದರದ್ದೇ. ಈಗ ನಾವು 30-40 ಸೈಟಿನಲ್ಲಿ ಕಾಂಪೌಂಡ್ ಹಾಕಿಕೊಂಡು ಕೂತಿದ್ದೇವೆ. ಮಂಕರಿಯನ್ನು ಉಳಿಸಿಕೊಂಡು ಊರನ್ನು ಕಿತ್ತುಕೊಂಡರೆ ಆಗೋದಿಲ್ಲ, ಅಲ್ವಾ? ಆ ಹೋದ ಜಾಗವನ್ನು ಸ್ವಲ್ಪವಾದರೂ ತುಂಬಿಕೊಡೋಕೆ ಈ ಲೆಕ್ಕ.

ಫಾರಂನಲ್ಲಿ ಕೋಳಿಗಳು ಒಂದರ ಮೇಲೊಂದು ಇರ್ತವೆ, ಅವೂ ಮೊಟ್ಟೆ ಇಡ್ತವೆ. ನಮ್ಮ ಕೋಳಿಗೆ ಮಾತ್ರ ಯಾಕೆ ಬಂಗಲೆ?

ಮೊಟ್ಟೆ ಫಾರಂನ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸಾಮಾನ್ಯವಾಗಿ ಒಂದು ಎ4 ಹಾಳೆಗಿಂತ ಕಡಿಮೆ. ಅಲ್ಲಿ ಕೋಳಿ ರೆಕ್ಕೆ ಬಿಚ್ಚಲಾರದು, ಕೆದಕಲಾರದು, ಮಣ್ಣಲ್ಲಿ ಹೊರಳಲಾರದು. ಮೊಟ್ಟೆ ಬರುತ್ತದೆ, ನಿಜ. ಆದರೆ ಮೊಟ್ಟೆ ಬಂತು ಅಂದಮಾತ್ರಕ್ಕೆ ಕೋಳಿ ಸುಖವಾಗಿದೆ ಅಂತ ಅರ್ಥ ಅಲ್ಲ. ಭಾರತದ ಕಾನೂನು ಆಯೋಗವೇ 2017ರಲ್ಲಿ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿ ಮತ್ತು ಬ್ರಾಯ್ಲರ್ ಕೋಳಿಗಳನ್ನು ಇಡುವ ರೀತಿಯನ್ನು ಪ್ರಶ್ನಿಸಿ ನಿಯಮಗಳ ಕರಡು ಕೊಟ್ಟಿತ್ತು.

ನಮ್ಮ ಕೈಯಲ್ಲಿರೋದು ಆರೋ ಎಂಟೋ ಕೋಳಿ. ಅವಕ್ಕೆ ಕೆದಕೋಕೆ ನಾಲ್ಕು ಅಡಿ ಮಣ್ಣು ಕೊಡೋದು ಬಂಗಲೆ ಅಲ್ಲ. ನನ್ನ ಮಟ್ಟಿಗೆ, ಅಷ್ಟು ಕೊಡಲಾಗದಿದ್ದರೆ ಕೋಳಿ ತರಬಾರದು.

ನಾಟಿ ಕೋಳಿಗೂ ಗಿರಿರಾಜಕ್ಕೂ ಒಂದೇ ಲೆಕ್ಕವಾ?

ಅಲ್ಲ. ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಹಗುರ. ಒಂದೂವರೆ ಕೆ.ಜಿ. ಹತ್ತಿರ ತೂಗುತ್ತದೆ. ಹಾರುತ್ತದೆ, ಏರುತ್ತದೆ. ಗಿರಿರಾಜ, ಸ್ವರ್ಣಧಾರ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಹಿತ್ತಲ ಸಾಕಣೆಗಾಗಿ ಬೆಳೆಸಿದ ತಳಿಗಳು. ಗಿರಿರಾಜದ ಮೈ ದೊಡ್ಡದು, ಕಾಲ ಮೇಲೆ ಭಾರ ಜಾಸ್ತಿ. ಅದಕ್ಕೆ ನೆಲದ ಜಾಗ ಹೆಚ್ಚು ಬೇಕು, ಎತ್ತರ ಕಡಿಮೆ ಸಾಕು. ನಾಟಿಗೆ ಇದರ ಉಲ್ಟಾ. ಗೂಡಿನ ಎತ್ತರವನ್ನೂ ಬಳಸಿಕೊಳ್ಳುತ್ತದೆ, ಆದರೆ ಕೂಡಿಹಾಕಿದರೆ ಬೇಗ ಬೇಸತ್ತು ಜಗಳಕ್ಕೆ ಬೀಳುತ್ತದೆ.

ಒಂದೇ ಒಂದು ಕೋಳಿ ಸಾಕ್ಲಾ? ಮಗಳು ಹಟ ಮಾಡ್ತಿದ್ದಾಳೆ.

ಬೇಡ. ಕೋಳಿ ಗುಂಪಿನ ಜೀವ. ಕನಿಷ್ಠ ಮೂರು ತನ್ನಿ. ಒಂದು ಸತ್ತರೂ ಇನ್ನೆರಡು ಜೊತೆಗಿರುತ್ತವೆ.

ಹುಂಜ ಇಲ್ಲದೆ ಮೊಟ್ಟೆ ಇಡ್ತವಾ?

ಇಡ್ತವೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಸಣ್ಣ ಜಾಗದಲ್ಲಿ ಎರಡು ಹುಂಜ ಬಿಟ್ಟರೆ ಅವುಗಳ ಕಾಳಗಕ್ಕಿಂತ ಹ್ಯಾಟೆಗಳ ಬೆನ್ನು ಹರಿಯೋದೇ ಹೆಚ್ಚು. ಸೋತ ಹುಂಜ ಓಡಿ ತಪ್ಪಿಸಿಕೊಳ್ಳೋಕೆ ಮರೆ ಇಲ್ಲದ ಕಡೆ ಎರಡನ್ನು ಇಡಲೇಬೇಡಿ.

## ಗೂಡು

ಗೂಡನ್ನ ಎಲ್ಲಿ ಕಟ್ಟಿಸಲಿ, ಯಾವ ದಿಕ್ಕಿಗೆ?

ನೀರು ನಿಲ್ಲದ ಎತ್ತರದ ಜಾಗ ನೋಡಿ. ಮಳೆ ಬಂದಾಗ ಒಮ್ಮೆ ಕೊಡೆ ಹಿಡಿದು ಹಿತ್ತಲಲ್ಲಿ ಸುತ್ತಿ. ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಗೂಡಿನ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಇರಲಿ. ಆಗ ಉದ್ದನೆಯ ಪಕ್ಕಗಳು ಉತ್ತರ ದಕ್ಷಿಣಕ್ಕೆ ಬರುತ್ತವೆ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಒಳಗೆ ನುಗ್ಗುವುದಿಲ್ಲ. ಚಳ್ಳಕೆರೆಯ ಬಿಸಿಲಿಗೆ ಇದು ಬಹಳ ಮುಖ್ಯ. ಮಲೆನಾಡಿನಲ್ಲಿ ಮಳೆಗಾಳಿ ಬೀಸೋದು ಪಡುವಣದಿಂದ. ಆ ಕಡೆ ಗೋಡೆ ಗಟ್ಟಿಯಾಗಿರಲಿ, ಮಾಡು ಎರಡೂವರೆ ಅಡಿಯಾದರೂ ಮುಂದೆ ಚಾಚಿರಲಿ.

ಮನೆ ಕಿಟಕಿಗೆ ಕಾಣುವಷ್ಟು ಹತ್ತಿರ ಇದ್ದರೆ ಒಳ್ಳೇದು. ರಾತ್ರಿ ಕೋಳಿ ಕೂಗಿಕೊಂಡರೆ ನಿಮಗೆ ಕೇಳಿಸಬೇಕು.

ಇನ್ನೊಂದು ಮಾತು. ಆರಡಿಯಾದರೂ ಎತ್ತರ ಇರಲಿ. ಬಗ್ಗಿ ತೆವಳಿ ಕಸ ಗುಡಿಸಬೇಕಾದ ಗೂಡನ್ನು ಯಾರೂ ದಿನಾ ಗುಡಿಸೋದಿಲ್ಲ.

ನೆಲಕ್ಕೆ ಸಿಮೆಂಟ್ ಹಾಕ್ಲಾ, ಮಣ್ಣೇ ಸಾಕಾ?

ಕೈಯಲ್ಲಿ ದುಡ್ಡಿದ್ದರೆ ಸಿಮೆಂಟ್ ಹಾಕಿ. ಹೆಗ್ಗಣ ಕೊರೆಯೋಕಾಗಲ್ಲ, ತೊಳೆಯೋಕೂ ಸುಲಭ. ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರಿಸಿ. ಮಣ್ಣಿನ ನೆಲವೇ ಆದರೆ ಕೆಳಗೆ ಕಬ್ಬಿಣದ ಜಾಲರಿ ಹಾಸಿ, ಮೇಲೆ ನಾಲ್ಕು ಇಂಚು ಮಣ್ಣು ಕುಟ್ಟಿ ಗಟ್ಟಿ ಮಾಡಿ.

ಯಾವ ನೆಲವಾದರೂ ಬರಿದಾಗಿ ಬಿಡಬೇಡಿ. ಮೂರು ನಾಲ್ಕು ಇಂಚು ಹಾಸು ಬೇಕು. ಭತ್ತದ ಹೊಟ್ಟು, ಒಣ ಮರದ ಪುಡಿ, ಕಡಲೆಕಾಯಿ ಸಿಪ್ಪೆ, ನಿಮ್ಮೂರಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದು.

ಹಾಸು ಎಷ್ಟು ದಿನಕ್ಕೆ ಬದಲಾಯಿಸಬೇಕು? ವಾಸನೆ ಬರ್ತಿದೆ ಅಂತ ಪಕ್ಕದ ಮನೆಯವರು ಜಗಳ ಮಾಡ್ತಾರೆ.

ವಾಸನೆ ಬರುವುದು ಕೋಳಿಯಿಂದಲ್ಲ, ಒದ್ದೆಯಿಂದ. ಹಿಕ್ಕೆ ಒಣಗಿದರೆ ಗೊಬ್ಬರ, ನೆನೆದರೆ ಅಮೋನಿಯಾ.

ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಹಿಡಿ ಹಾಸು ತೆಗೆದುಕೊಂಡು ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಉಂಡೆ ಹಾಗೇ ನಿಂತರೆ ಒದ್ದೆ ಜಾಸ್ತಿಯಾಗಿದೆ. ಮೆಲ್ಲಗೆ ಬಿರಿದು ಉದುರಿದರೆ ಸರಿಯಾಗಿದೆ. ದೂಳೆದ್ದರೆ ತೀರಾ ಒಣಗಿದೆ, ಅದೂ ಕೋಳಿಯ ಉಸಿರಿಗೆ ಒಳ್ಳೇದಲ್ಲ.

ಆಮೇಲೆ ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದು ನೋಡಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಕಣ್ಣಿಗೆ ಹತ್ತುತ್ತದೆ. ಕೋಳಿ ರಾತ್ರಿಯಿಡೀ ಕುಡಿಯೋದು ಆ ಗಾಳಿಯನ್ನೇ.

ವಾರಕ್ಕೆ ಎರಡು ಸಲ ಹಾಸನ್ನು ಕೋಲಿನಿಂದ ಮೇಲೆ ಕೆಳಗೆ ಮಾಡಿ. ಒದ್ದೆಯಾದಷ್ಟು ಭಾಗ ತೆಗೆದು ಹೊಸದು ಸುರಿಯಿರಿ. ಮಳೆಗಾಲದಲ್ಲಿ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ ಕಲಸಿ. ನೀರಿನ ಪಾತ್ರೆಯನ್ನು ಗೂಡಿನಿಂದ ಹೊರಗಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಹೀಗೆ ನೋಡಿಕೊಂಡರೆ ಐದಾರು ತಿಂಗಳಿಗೊಮ್ಮೆ ಪೂರ್ತಿ ತೆಗೆದರೆ ಸಾಕು. ಆ ಗೊಬ್ಬರವನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಎರಡು ಮೂರು ತಿಂಗಳು ಕೊಳೆಸಿ ಹಾಕಿ.

ಚಳಿ ಆಗುತ್ತೆ ಅಂತ ಎಲ್ಲ ಕಡೆ ಟಾರ್ಪಾಲ್ ಕಟ್ಟಿದ್ದೀನಿ. ಆದರೂ ರಾತ್ರಿ ಗೊರ ಗೊರ ಅಂತವೆ, ಯಾಕೆ?

ಕಟ್ಟಿದ್ದಕ್ಕೇ ಹಾಗಾಗಿರುವ ಸಾಧ್ಯತೆ ಹೆಚ್ಚು. ಮೈತುಂಬ ಪುಕ್ಕ ಇರುವ ದೊಡ್ಡ ಕೋಳಿಗೆ ನಮ್ಮ ರಾಜ್ಯದ ಚಳಿ ಒಂದು ಲೆಕ್ಕವಲ್ಲ. ಅದಕ್ಕೆ ಆಗದೇ ಇರೋದು ಒದ್ದೆ ಗಾಳಿ, ಘಾಟು ಗಾಳಿ. ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ಟಾರ್ಪಾಲ್ ಒಳಗೆ ಸಿಕ್ಕಿಕೊಳ್ಳುತ್ತವೆ.

ಎರಡು ಪಕ್ಕದಲ್ಲಾದರೂ ಗೋಡೆಯ ಮೇಲರ್ಧ ಜಾಲರಿ ಇರಲಿ. ಗಾಳಿ ಕೋಳಿಗಳ ತಲೆಯ ಮೇಲಿಂದ ಹಾದು ಹೋಗಬೇಕು, ಮೈಗೆ ನೇರ ಬೀಸಬಾರದು. ಮಳೆ ಎರಚಲಿಗೆ ಗೋಣಿ ತಾಟಿನ ಪರದೆ ಕಟ್ಟಿ, ಬೇಕಾದಾಗ ಇಳಿಸಿ, ಮಳೆ ನಿಂತ ತಕ್ಷಣ ಎತ್ತಿ. ಗಾಳಿ ಬಿಟ್ಟ ಮೇಲೂ ಎರಡು ದಿನದಲ್ಲಿ ಗೊರಗೊರ ನಿಲ್ಲದಿದ್ದರೆ ಅದು ರೋಗ. ಪಶು ಆಸ್ಪತ್ರೆಗೆ ತೋರಿಸಿ.

ಮಲಗೋಕೆ ಕೋಲು ಹಾಕಲೇಬೇಕಾ? ನೆಲದಲ್ಲೇ ಮಲಗ್ತವಲ್ಲ.

ಹಾಕಿ. ಕೋಳಿ ಮೂಲದಲ್ಲಿ ಕಾಡಿನ ಹಕ್ಕಿ, ರಾತ್ರಿ ಎತ್ತರದಲ್ಲಿ ಕೂತರೇ ಅದಕ್ಕೆ ಧೈರ್ಯ. ನೆಲದಲ್ಲಿ ಮಲಗಿದರೆ ಹಿಕ್ಕೆಯಲ್ಲೇ ಮಲಗಿದಂತೆ.

ಒಂದು ಕೋಳಿಗೆ 8ರಿಂದ 10 ಇಂಚು ಉದ್ದ ಸಿಗಬೇಕು. ಕೋಲು ಎರಡು ಇಂಚಿನಷ್ಟು ದಪ್ಪ, ಅಂಚು ಉರುಟಾಗಿರಲಿ. ಬಿದಿರಿನ ಗಳ ಒಳ್ಳೇದು, ಗಿಣ್ಣುಗಳನ್ನು ಮಚ್ಚಿನಲ್ಲಿ ಸವರಿಬಿಡಿ. ಸೀಳಿದ ಅಡಿಕೆ ದಬ್ಬೆ ನಮ್ಮಲ್ಲಿ ಸುಮ್ನೆ ಬಿದ್ದಿರುತ್ತದೆ ಅಂತ ಅದನ್ನೇ ಹಾಕುತ್ತಾರೆ. ಅದರ ಸಿಬಿರು ಪಾದಕ್ಕೆ ಚುಚ್ಚಿ ಕೀವು ತುಂಬಿ ಗಂಟಾಗುತ್ತದೆ. ಕಬ್ಬಿಣದ ಪೈಪು, ಪಿವಿಸಿ ಪೈಪು ಎರಡೂ ಜಾರುತ್ತವೆ.

ಗಿರಿರಾಜದಂಥ ಭಾರದ ಕೋಳಿಗೆ ಒಂದೂವರೆ ಎರಡು ಅಡಿ ಎತ್ತರ ಸಾಕು, ನಾಟಿಗೆ ನಾಲ್ಕು ಅಡಿಯೂ ಆಗುತ್ತದೆ. ಎರಡು ಗಳ ಹಾಕುವುದಾದರೆ ಒಂದೇ ಎತ್ತರದಲ್ಲಿ, ಒಂದಡಿ ಅಂತರ ಬಿಟ್ಟು ಹಾಕಿ. ಏಣಿಯ ಹಾಗೆ ಹಾಕಿದರೆ ಎಲ್ಲಕ್ಕೂ ಮೇಲಿನದ್ದೇ ಬೇಕು. ನಮ್ಮ ಮೊದಲ ಗೂಡಿನಲ್ಲಿ ದಿನಾ ಸಂಜೆ ಅರ್ಧ ಗಂಟೆ ಇದೇ ರಂಪ. ಗಳ ಸಮ ಮಾಡಿದ ಸಂಜೆ ಹತ್ತು ನಿಮಿಷದಲ್ಲಿ ಎಲ್ಲ ಕೂತು, ಕೊಕ್ಕನ್ನು ಪುಕ್ಕದೊಳಗೆ ತೂರಿಸಿ, ಗುರ್ರ್ ಅಂತ ಸಣ್ಣಗೆ ಸದ್ದು ಮಾಡುತ್ತಾ ಮಲಗಿಬಿಟ್ಟವು. ನಾನು ಟಾರ್ಚ್ ಆರಿಸಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಮೊಟ್ಟೆ ಇಡೋ ಪೆಟ್ಟಿಗೆ ಎಷ್ಟು ಬೇಕು? ಇಟ್ಟರೂ ಅದರಲ್ಲಿ ಮಲಗ್ತವೆ, ಮೊಟ್ಟೆ ಹೊರಗಿಡ್ತವೆ.

ನಾಲ್ಕೈದು ಹ್ಯಾಟೆಗೆ ಒಂದು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹಳೇ ಮಂಕರಿಯನ್ನು ಓರೆಯಾಗಿ ಕಟ್ಟಿದರೂ ಸರಿ. ಮುಂದೆ ನಾಲ್ಕು ಇಂಚು ತಡೆ ಇರಲಿ, ಒಳಗೆ ಒಣಹುಲ್ಲು.

ಕೋಳಿ ಅದರಲ್ಲಿ ಮಲಗುತ್ತಿದ್ದರೆ ಪೆಟ್ಟಿಗೆ ಗಳಕ್ಕಿಂತ ಎತ್ತರದಲ್ಲಿದೆ ಅಂತ ಅರ್ಥ. ಕೆಳಗಿಳಿಸಿ. ಮೊಟ್ಟೆ ಹೊರಗಿಡುತ್ತಿದ್ದರೆ ಪೆಟ್ಟಿಗೆ ಇರುವಲ್ಲಿ ಬೆಳಕು ಜಾಸ್ತಿ. ಮೊಟ್ಟೆ ಇಡುವ ಕೋಳಿಗೆ ಮಬ್ಬು ಮೂಲೆ, ಮರೆ ಬೇಕು. ಒಂದು ಗೋಣಿ ಪರದೆ ಇಳಿಬಿಟ್ಟು ಒಳಗೊಂದು ಹಳೇ ಮೊಟ್ಟೆಯನ್ನೋ ನುಣುಪು ಕಲ್ಲನ್ನೋ ಇಡಿ, ತಾನಾಗಿ ಬರುತ್ತದೆ.

## ಅಂಗಳ

ಹಗಲೆಲ್ಲ ತೋಟಕ್ಕೆ ಬಿಡ್ತೀವಿ. ಬೇಲಿ ಅಂಗಳ ಯಾಕೆ ಬೇಕು?

ನೀವು ಊರಿಗೆ ಹೋದ ದಿನಕ್ಕೆ. ಪಕ್ಕದವರು ಸೊಪ್ಪಿನ ಮಡಿ ಹಾಕಿದ ವಾರಕ್ಕೆ. ತೋಟಕ್ಕೆ ಔಷಧಿ ಹೊಡೆದ ದಿನಕ್ಕೆ. ಬೀದಿ ನಾಯಿ ಹೊಸದಾಗಿ ಬಂದು ಸೇರಿಕೊಂಡ ತಿಂಗಳಿಗೆ. ದಿನಾ ಬಿಡುವವರಿಗೂ ಸಣ್ಣದೊಂದು ಬೇಲಿ ಅಂಗಳ ಇದ್ದರೆ ಇಂಥ ದಿನ ಕೋಳಿಯನ್ನು ಗೂಡಲ್ಲೇ ಕೊಳೆಹಾಕುವುದು ತಪ್ಪುತ್ತದೆ.

ಬೇಲಿ ಎಷ್ಟು ಎತ್ತರ ಇರಬೇಕು?

ಗಿರಿರಾಜಕ್ಕೆ 4 ಅಡಿ. ನಾಟಿಗೆ 6 ಅಡಿ, ಅದನ್ನೂ ಕೆಲವು ದಾಟುತ್ತವೆ. ದಾಟುವ ಕೋಳಿಯ ಒಂದೇ ಕಡೆಯ ರೆಕ್ಕೆಯ ತುದಿಯ ಉದ್ದ ಗರಿಗಳನ್ನು ಕತ್ತರಿಸಿದರೆ ಸಮತೋಲ ತಪ್ಪಿ ಹಾರುವುದು ಬಿಡುತ್ತದೆ. ಬೆಳೆದ ಗರಿ ಕತ್ತರಿಸಿದರೆ ನೋವಾಗುವುದಿಲ್ಲ. ಬುಡದಲ್ಲಿ ರಕ್ತ ತುಂಬಿದ ಎಳೇ ಗರಿ ಕಂಡರೆ ಮುಟ್ಟಬೇಡಿ.

ಒಂದೇ ತಿಂಗಳಲ್ಲಿ ಹುಲ್ಲೆಲ್ಲ ಖಾಲಿ, ಮಳೆ ಬಂದರೆ ಬರೀ ಕೆಸರು. ಏನು ಮಾಡ್ಲಿ?

ಕೋಳಿ ಹೇಗೆ ಕೆದಕುತ್ತದೆ ಅಂತ ಕೂತು ನೋಡಿದ್ದೀರಾ? ಬಲಗಾಲು ಎರಡು ಸಲ, ಎಡಗಾಲು ಒಂದು ಸಲ, ಹಿಂದೆ ಸರಿದು ತಲೆ ಬಗ್ಗಿಸಿ ನೋಟ, ಮತ್ತೆ ಅದೇ. ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ. ಆರು ಕೋಳಿ 60 ಚದರ ಅಡಿಯಲ್ಲಿ ಹೀಗೆ ಕೆದಕಿದರೆ ಯಾವ ಹುಲ್ಲೂ ಉಳಿಯದು. ಅದು ನಿಮ್ಮ ತಪ್ಪಲ್ಲ.

ಜಾಗ ಇದ್ದರೆ ಅಂಗಳವನ್ನು ಎರಡು ಭಾಗ ಮಾಡಿ. ಒಂದರಲ್ಲಿ ಕೋಳಿ ಇದ್ದಾಗ ಇನ್ನೊಂದರಲ್ಲಿ ರಾಗಿಯೋ ಹುರುಳಿಯೋ ಚೆಲ್ಲಿ. ಗೇಣುದ್ದ ಬೆಳೆದ ಮೇಲೆ ಬದಲಾಯಿಸಿ. ಕೋಳಿಗೆ ಹಸಿರು ಸಿಕ್ಕಿತು, ನೆಲಕ್ಕೆ ಬಿಡುವೂ ಸಿಕ್ಕಿತು. ಜಂತುಹುಳದ ಕಾಟವೂ ಕಡಿಮೆಯಾಗುತ್ತದೆ.

ಜಾಗ ಇಲ್ಲದಿದ್ದರೆ ಹುಲ್ಲಿನ ಆಸೆ ಬಿಡಿ. ಗೂಡಿನ ಹಾಗೆ ಅಂಗಳಕ್ಕೂ ಹಾಸು ಹಾಕಿ. ಒಣ ದರಗು, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ ಅರ್ಧ ಅಡಿ ಸುರಿದರೆ ಮಳೆಯಲ್ಲೂ ಕಾಲು ಹೂಳುವುದಿಲ್ಲ. ಅದರಡಿ ಹುಳು ಹುಪ್ಪಟೆ ಹುಟ್ಟುತ್ತವೆ, ಕೋಳಿಗೆ ದಿನವಿಡೀ ಕೆಲಸ. ಹಾಸು ಕೊಳೆತು ಕುಗ್ಗಿದಂತೆ ಮೇಲೆ ಸುರಿಯುತ್ತಾ ಹೋಗಿ. ಅಂಗಳದ ಮೂರನೇ ಒಂದು ಭಾಗಕ್ಕಾದರೂ ಶೀಟು ಹೊದಿಸಿದರೆ ಮಳೆಗಾಲ ಸಲೀಸು.

ಕೆಸರನ್ನು ಮಾತ್ರ ಸಹಿಸಿಕೊಳ್ಳಬೇಡಿ. ಮರಿಗಳಿಗೆ ಬರುವ ರಕ್ತಭೇದಿ ಒದ್ದೆ ನೆಲದಲ್ಲೇ ಬೆಳೆಯುವ ರೋಗ.

ಕೋಳಿ ಹೂವಿನ ಕುಂಡದಲ್ಲಿ ಹೊರಳಾಡಿ ಹಾಳು ಮಾಡುತ್ತೆ. ಹೇಗೆ ತಪ್ಪಿಸೋದು?

ಅದಕ್ಕೆ ಸ್ನಾನ ಮಾಡೋಕೆ ಜಾಗ ಇಲ್ಲ. ಮಣ್ಣಲ್ಲಿ ಹೊರಳಿದರೇ ಮೈಯ ಹೇನು, ಉಣ್ಣಿ ಉದುರೋದು. ಶೀಟಿನ ಕೆಳಗೆ ಎರಡಡಿ ಅಗಲದ ಗುಂಡಿ ಮಾಡಿ, ಒಣ ಮಣ್ಣು, ಮರಳು, ಒಲೆಯ ಬೂದಿ ಕಲಸಿ ತುಂಬಿ. ಕುಂಡದ ಕಡೆ ತಿರುಗಿಯೂ ನೋಡೋದಿಲ್ಲ.

ಬೇಸಿಗೆಯಲ್ಲಿ ಬಾಯಿ ಕಳೆದು ಏದುಸಿರು ಬಿಡ್ತವೆ. ಫ್ಯಾನ್ ಹಾಕ್ಬೇಕಾ?

ಕೋಳಿಗೆ ಬೆವರು ಇಲ್ಲ. ಬಾಯಿ ತೆರೆದು ಉಸಿರಾಡಿಯೇ ಮೈ ತಣಿಸಿಕೊಳ್ಳಬೇಕು. ರೆಕ್ಕೆಯನ್ನು ಮೈಯಿಂದ ಎತ್ತಿ ಹಿಡಿದು ಏದುಸಿರು ಬಿಡುತ್ತಿದ್ದರೆ ಸೆಕೆ ಮೀರಿದೆ ಅಂತ ತಿಳಿಯಿರಿ.

ಫ್ಯಾನಿಗಿಂತ ಮೊದಲು ನೆರಳು. ತಗಡಿನ ಶೀಟಿನ ಮೇಲೆ ತೆಂಗಿನ ಸೋಗೆ ದಪ್ಪಗೆ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ತಂಗಿಯ ಮನೆಯಲ್ಲಿ ಸೋಗೆ ಹೊದಿಸುವ ಮುಂಚೆ ಮಧ್ಯಾಹ್ನ ಗೂಡಿನೊಳಗೆ ಕೈ ಎತ್ತಿದರೆ ಒಲೆಯ ಬಾಯಿಗೆ ಹಿಡಿದ ಹಾಗಿತ್ತು. ಅಂಗಳದಲ್ಲಿ ಒಂದು ನುಗ್ಗೆಯೋ ಹೊಂಗೆಯೋ ಸೀಬೆಯೋ ನೆಡಿ. ಎಳೇ ಗಿಡದ ಬುಡಕ್ಕೆ ಕಲ್ಲು ಜೋಡಿಸಿ, ಇಲ್ಲದಿದ್ದರೆ ಬೇರು ಕೆದಕಿ ಹಾಕುತ್ತವೆ.

ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ. ಸೆಕೆಗೆ ಅದರ ಎರಡರಷ್ಟು ಬೇಕಾಗಬಹುದು. ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ, ಎರಡು ಕಡೆ ಇಡಿ. ಒಂದೇ ಕಡೆ ಇಟ್ಟರೆ ಜೋರಿನ ಕೋಳಿ ಕಾವಲು ನಿಂತು ಪಾಪದ್ದನ್ನು ಬಾಯಾರಿಸುತ್ತದೆ.

## ರಾತ್ರಿಯ ಭದ್ರತೆ

ಜಾಲರಿ ಹಾಕಿದ್ದೆ, ಆದರೂ ಹರಿದು ಕೋಳಿ ಹೊತ್ತುಕೊಂಡು ಹೋಗಿದೆ. ಯಾವುದು ಹಾಕ್ಬೇಕು?

ಆರು ಮೂಲೆಯ ತೆಳು ಜಾಲರಿಗೆ ಅಂಗಡಿಯಲ್ಲಿ ಚಿಕನ್ ಮೆಶ್ ಅನ್ನುತ್ತಾರೆ. ಅದು ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಅಂಗಳಕ್ಕೆ ಕೆಳಗಿನ ಎರಡಡಿ ಅದನ್ನೇ ಹಾಕಿ, ಮೇಲೆ ಅಗ್ಗದ್ದು ನಡೆಯುತ್ತದೆ.

ನಾಯಿ, ಮುಂಗುಸಿ ಬುಡದಲ್ಲಿ ಕೆರೆದು ನುಗ್ಗುತ್ತವೆ. ಜಾಲರಿಯನ್ನು ನೆಲಕ್ಕೆ ಮುಟ್ಟಿಸಿ ಅಲ್ಲಿಗೇ ಬಿಡಬೇಡಿ. ಹೊರಗಡೆಗೆ ಒಂದೂವರೆ ಅಡಿ ಮಡಚಿ ನೆಲದ ಮೇಲೆ ಹಾಸಿ, ಕಲ್ಲು ಹೇರಿ ಮಣ್ಣು ಮುಚ್ಚಿ. ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಉಗುರಿಗೆ ಜಾಲರಿ ಸಿಕ್ಕಿ ಬಿಟ್ಟುಹೋಗುತ್ತದೆ.

ಕಬ್ಬೆಕ್ಕು ಬರುವುದು ಮೇಲಿನಿಂದ. ಒಂದು ಶ್ರಾವಣದ ರಾತ್ರಿ ನಮ್ಮ ನಾಲ್ಕು ಹ್ಯಾಟೆಗಳು ಒಟ್ಟಿಗೆ ಹೋದವು. ಬಾಗಿಲು ಭದ್ರವಾಗಿತ್ತು, ಜಾಲರಿ ಹರಿದಿರಲಿಲ್ಲ. ಶೀಟಿಗೂ ಗೋಡೆಗೂ ನಡುವೆ ಶೀಟಿನ ಅಲೆ ಬಿಟ್ಟ ಸಂದು, ನನ್ನ ನಾಲ್ಕು ಬೆರಳಿನಷ್ಟು ಅಗಲ. ಅದರ ಅಂಚಿಗೆ ಕಪ್ಪು ಕೂದಲು ಅಂಟಿಕೊಂಡಿತ್ತು. ಗೂಡು ಕಟ್ಟಿದಾಗ ಆ ಸಂದು ನೋಡಿದ್ದೆ, ಗಾಳಿಯಾಡಲಿ ಅಂತ ಬಿಟ್ಟಿದ್ದೆ. ಗಾಳಿಯ ಜಾಗಕ್ಕೆಲ್ಲ ಜಾಲರಿ ಬೇಕು ಅಂತ ಅವತ್ತು ಕಲಿತೆ. ಮಾಡಿನ ಸಂದು, ಬಾಗಿಲ ಕೆಳಗಿನ ಸಂದು, ಗೋಡೆ ಮೂಲೆ, ಮೂರನ್ನೂ ಬೆರಳು ಹಾಕಿ ಪರೀಕ್ಷೆ ಮಾಡಿ.

ಚಿಲಕ ಎರಡಿರಲಿ, ಮೇಲೊಂದು ಕೆಳಗೊಂದು. ಒಂದೇ ಇದ್ದರೆ ನಾಯಿ ಕೆಳಗಿನ ಮೂಲೆಯನ್ನು ತಳ್ಳಿ ತಳ್ಳಿ ಸಂದು ಮಾಡುತ್ತದೆ. ದುಡ್ಡು ಕಡಿಮೆ ಇದ್ದರೆ ಪೇಂಟಿಗೆ, ಟೈಲ್ಸಿಗೆ ಹಾಕಬೇಡಿ. ಜಾಲರಿಗೆ, ಚಿಲಕಕ್ಕೆ ಹಾಕಿ.

ಹಾವು ಬರುತ್ತೆ ಅಂತ ಮನೆಯಲ್ಲಿ ಕೋಳಿ ಬೇಡ ಅಂತಾರೆ.

ಭಯ ಸುಳ್ಳಲ್ಲ. ನಾಗರಹಾವು, ಕೇರೆ ಹಾವು ಎರಡೂ ಮೊಟ್ಟೆಗೆ, ಮರಿಗೆ ಬರುತ್ತವೆ. ಆದರೆ ಅವಕ್ಕಿಂತ ಮೊದಲು ಇಲಿ ಬಂದಿರುತ್ತದೆ. ಚೆಲ್ಲಿದ ಕಾಳಿಗೆ ಇಲಿ, ಇಲಿಗೆ ಹಾವು. ಸಂಜೆ ಮೇವಿನ ಪಾತ್ರೆ ಎತ್ತಿಡಿ. ಕಾಳನ್ನು ಮುಚ್ಚಳ ಇರುವ ಡಬ್ಬದಲ್ಲಿಡಿ. ದಿನಾ ಮೊಟ್ಟೆ ತೆಗೆಯಿರಿ. ಗೂಡಿನ ಸುತ್ತ ನಾಲ್ಕಡಿ ಜಾಗದಲ್ಲಿ ಸೌದೆ, ಹೆಂಚಿನ ರಾಶಿ, ಪೊದೆ ಇರಬಾರದು. ಮೊಟ್ಟೆ ಪೆಟ್ಟಿಗೆಗೆ ನೋಡದೆ ಕೈ ಹಾಕುವ ಅಭ್ಯಾಸ ಬಿಡಿ, ಮಕ್ಕಳಿಗೂ ಬಿಡಿಸಿ.

## ಸ್ವಲ್ಪ ಅನುಭವ ಆದವರಿಗೆ

ಸಂತೆಯಿಂದ ಎರಡು ಹೊಸ ಕೋಳಿ ತಂದೆ. ಹಳೇವು ಕುಕ್ಕಿ ಕುಕ್ಕಿ ರಕ್ತ ಬರಿಸಿವೆ.

ತಂದ ದಿನವೇ ಒಟ್ಟಿಗೆ ಬಿಡಬಾರದಿತ್ತು. ಮೊದಲು ಮೂರು ವಾರವಾದರೂ ದೂರದಲ್ಲಿ ಬೇರೆ ಇಡಿ. ಸಂತೆ ಕೋಳಿ ಕೊಕ್ಕರೆ ರೋಗ (ರಾಣಿಖೇತ್) ಹೊತ್ತು ತಂದರೆ ಇಡೀ ಗೂಡೇ ಖಾಲಿಯಾಗುತ್ತದೆ.

ಆಮೇಲೆ ಒಂದು ವಾರ ಅಂಗಳದಲ್ಲೇ ಜಾಲರಿ ನಡುವೆ ಇಟ್ಟು ಇರಿಸಿ. ಒಂದನ್ನೊಂದು ನೋಡಬೇಕು, ಕುಕ್ಕೋಕೆ ಆಗಬಾರದು. ಸೇರಿಸುವ ದಿನ ಕತ್ತಲಾದ ಮೇಲೆ ಗಳದ ಮೇಲೆ ಹಳೇ ಕೋಳಿಗಳ ಪಕ್ಕ ಕೂರಿಸಿ. ಬೆಳಗ್ಗೆ ಸ್ವಲ್ಪ ಜಗಳ ಇದ್ದೇ ಇರುತ್ತದೆ, ಅದು ಯಾರು ದೊಡ್ಡವರು ಅಂತ ಗೊತ್ತುಮಾಡಿಕೊಳ್ಳುವ ಜಗಳ. ಓಡಿ ಅಡಗೋಕೆ ಒಂದೆರಡು ಬುಟ್ಟಿ, ಹಲಗೆ ಓರೆಯಾಗಿ ನಿಲ್ಲಿಸಿಡಿ. ರಕ್ತ ಬಂದ ಕೋಳಿಯನ್ನು ಮಾತ್ರ ತಕ್ಷಣ ಬೇರೆ ಮಾಡಿ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ.

ಜಾಗ ಸಾಲ್ತಿಲ್ಲ ಅಂತ ಕೋಳಿ ನೋಡಿ ಹೇಗೆ ಗೊತ್ತಾಗುತ್ತೆ?

ಬೆನ್ನಿನ, ಬಾಲದ ಬುಡದ ಪುಕ್ಕ ಕಿತ್ತಿರುತ್ತದೆ. ಒಂದೆರಡು ಕೋಳಿ ಹಗಲಲ್ಲೂ ಗಳದ ಮೇಲೇ ಕೂತಿರುತ್ತವೆ, ಕೆಳಗಿಳಿದರೆ ಏಟು ಅಂತ. ಮೊಟ್ಟೆಯನ್ನೇ ಒಡೆದು ತಿನ್ನಲು ಶುರುಮಾಡುತ್ತವೆ. ಬಾಗಿಲು ತೆಗೆದ ಕೂಡಲೇ ಒಂದರ ಮೇಲೊಂದು ಬಿದ್ದು ಹೊರಗೋಡುತ್ತವೆ. ಪುಕ್ಕ ಉದುರುವ ಕಾಲ, ಹೇನು, ಮೇವಿನಲ್ಲಿ ಸತ್ವ ಕಡಿಮೆ ಇರೋದು, ಇವೂ ಕಾರಣ ಇರಬಹುದು. ಅವನ್ನು ನೋಡಿ, ಆದರೆ ಮೊದಲು ಟೇಪು ಹಿಡಿದು ಗೂಡು ಅಳೆಯಿರಿ.

ಮರಿಗಳಿಗೆ ಬೇರೆ ಗೂಡು ಬೇಕಾ?

ತಾಯಿ ಜೊತೆಗಿದ್ದರೆ ತಾಯಿ ಮರಿಗೆ ಒಂದು ಬೇರೆ ಮೂಲೆ ಸಾಕು. ತಾಯಿ ಇಲ್ಲದ ಮರಿ ತಂದರೆ ಮೊದಲ ನಾಲ್ಕು ವಾರ ಒಂದಕ್ಕೆ ಅರ್ಧ ಚದರ ಅಡಿ ಲೆಕ್ಕದಲ್ಲಿ ರಟ್ಟಿನ ಸುತ್ತು ಕಟ್ಟಿ, ಒಳಗೆ ಹಳೇ ಕಾಲದ ಬಿಸಿಯಾಗುವ ಬಲ್ಬು ಇಳಿಬಿಡಿ. ಎಲ್ಇಡಿ ಬಲ್ಬಿನಿಂದ ಕಾವು ಬರುವುದಿಲ್ಲ. ಒಂದು ಮರಿಗೆ ಎರಡು ವ್ಯಾಟ್‌ನಂತೆ 30 ಮರಿಗೆ 60 ವ್ಯಾಟ್. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಡ್ಡೆಯಾದರೆ ಚಳಿ, ಗೋಡೆಗೆ ಒತ್ತಿಕೊಂಡರೆ ಸೆಕೆ, ಎಲ್ಲ ಕಡೆ ಹರಡಿದ್ದರೆ ಹಿತವಾಗಿವೆ. ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲೇ ಶುರುವಾಗುತ್ತದೆ, ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಬೆಂಗಳೂರಲ್ಲಿದ್ದೀವಿ. ಟೆರೇಸ್ ಮೇಲೆ ಸಾಕಬಹುದಾ?

ನಾಲ್ಕು ಹ್ಯಾಟೆವರೆಗೆ, ಹುಂಜ ಇಲ್ಲದೆ ಸಾಕಬಹುದು. ಪಕ್ಕದವರನ್ನೂ ಮನೆ ಮಾಲೀಕರನ್ನೂ ಮೊದಲೇ ಕೇಳಿ. ಟೆರೇಸಿನ ಕಾಂಕ್ರೀಟ್ ಬೇಸಿಗೆಯಲ್ಲಿ ರಾತ್ರಿಯಾದರೂ ಬಿಸಿ ಉಗುಳುತ್ತಿರುತ್ತದೆ. ಗೂಡನ್ನು ಒಂದಡಿ ಕಾಲಿನ ಮೇಲೆ ಎತ್ತಿ ನಿಲ್ಲಿಸಿ. ಅಂಗಳಕ್ಕೆ ಅರ್ಧ ಅಡಿ ಮಣ್ಣು ತುಂಬಿದ ಅಗಲ ತೊಟ್ಟಿ ಕಟ್ಟಿಸಿ. ಮಣ್ಣಿನ ಭಾರ ತಡೆಯುತ್ತದಾ ಅಂತ ಕಟ್ಟಿದವರನ್ನು ಕೇಳಿ. ಮೇಲಿನಿಂದ ಹದ್ದು, ಕಾಗೆ ಬರುವುದರಿಂದ ಮಾಡಿಗೂ ಜಾಲರಿ ಬೇಕು.

ಹಕ್ಕಿ ಜ್ವರ ಬಂದಾಗ ಕೋಳಿ ಹೊರಗೆ ಬಿಡಬಹುದಾ?

ಬಿಡಬೇಡಿ. ನಮ್ಮ ದೇಶದಲ್ಲಿ ಹಕ್ಕಿ ಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟಕ್ಕೂ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೂ ಬಂತು. ಕಾಡುಹಕ್ಕಿ, ನೀರುಹಕ್ಕಿಗಳ ಹಿಕ್ಕೆಯಿಂದ ಹರಡುತ್ತದೆ. ಸುತ್ತಮುತ್ತ ಸುದ್ದಿ ಇದ್ದಾಗ ಮಾಡು ಇರುವ ಅಂಗಳದಲ್ಲೇ ಇಡಿ, ಮೇವು ನೀರು ಬಯಲಲ್ಲಿ ಬೇಡ, ಗೂಡಿಗೆ ಹೋಗುವ ಚಪ್ಪಲಿ ಬೇರೆ ಇರಲಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಹಳ್ಳಕ್ಕೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಎಲ್ಲ ಚೆನ್ನಾಗಿ ನಡೀತಿದೆ. ಅದೇ ಗೂಡಿಗೆ ಇನ್ನೂ ಹತ್ತು ಸೇರಿಸ್ಲಾ?

ಮೊದಲು ಗೂಡು ಬೆಳೆಯಲಿ, ಆಮೇಲೆ ಕೋಳಿ. ಕಾವು ಕೂರಿಸುವ ಮುಂಚೆಯೇ ಲೆಕ್ಕ ಹಾಕಿ. ಹನ್ನೆರಡು ಮೊಟ್ಟೆ ಇಟ್ಟರೆ ಇಪ್ಪತ್ತೊಂದು ದಿನಕ್ಕೆ ಹತ್ತು ಮರಿ ಬಂದರೂ ಬಂತು. ನಾಲ್ಕೈದು ತಿಂಗಳಲ್ಲಿ ಅವೂ ಗಳದ ಮೇಲೆ ಹತ್ತು ಹತ್ತು ಇಂಚು ಕೇಳುತ್ತವೆ, ಅವುಗಳಲ್ಲಿ ಅರ್ಧದಷ್ಟು ಹುಂಜಗಳೇ ಇರುತ್ತವೆ. ಅಷ್ಟು ಹುಂಜಗಳನ್ನು ಏನು ಮಾಡುತ್ತೀರಿ ಅನ್ನೋದು ತೀರ್ಮಾನವಾದ ಮೇಲೆ ಮೊಟ್ಟೆಗಳನ್ನು ಹ್ಯಾಟೆಯ ಕೆಳಗಿಡಿ.